ಅತ್ತೆ ಬಟ್ಟೆ ಒಣಗಿಸಿದ ವಯರು

"ನಿಮ್ಮಲ್ಲಿಗೂ ನೆಟ್ ಬಂತಂತಲ್ಲ?" ಎಂದು ಈಗ ಯಾರಾದರೂ ನಗುತ್ತಾ ಕೇಳಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಮದುವೆಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಸೊಸೈಟಿಗೆ ಹಾಲು ಕೊಡಲು ಹೋದಲ್ಲಿ ಕೇಳುತ್ತಾರೆ. ಬಂತು ಮಾರಾಯ್ರೆ, ಬಂತು. ಗೋಡೆಯಲ್ಲಿ ಬಿಳಿ ಡಬ್ಬಿ ಉಂಟು, ಅದರಲ್ಲಿ ಹಸಿರು ದೀಪ ಉಂಟು. ಬಂದದ್ದು ಯಾವಾಗ, ಅಷ್ಟರಲ್ಲಿ ನಮ್ಮ ಮನೆಯಲ್ಲಿ ಏನಾಗಿ ಹೋಗಿತ್ತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ನಮ್ಮ ಮನೆ ಮಂಡೆಕೋಲಿನಲ್ಲಿ, ಕೇರಳದ ಗಡಿಗೆ ಹತ್ತಿರ. ಎಷ್ಟು ಹತ್ತಿರವೆಂದರೆ, ಹಟ್ಟಿಯ ಹಿಂದೆ ಹೋಗಿ ನಿಂತರೆ ಫೋನು ಆಚೆಯ ಟವರನ್ನು ಹಿಡಿದು ಮಲಯಾಳದಲ್ಲಿ ಸ್ವಾಗತ ಕೋರುತ್ತದೆ. ಇಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಬ್ಬೊಬ್ಬರದ್ದು ಒಂದೊಂದು ತಗ್ಗಿನಲ್ಲಿ, ಅವರವರ ಜಾಗದ ನಡುವೆ. ನೆರೆಯವರನ್ನು ಕರೆಯಬೇಕಾದರೆ ಅಂಗಳದ ತುದಿಗೆ ಬಂದು ಕೂ ಹಾಕಬೇಕು. ಹಿರಿಯರು ನೀರು ಇರುವಲ್ಲಿ ಮನೆ ಕಟ್ಟಿದರು. ರೇಂಜು ಇರುವಲ್ಲಿ ಕಟ್ಟಬೇಕಿತ್ತು ಎಂದು ಅವರಿಗೆ ಯಾರು ಹೇಳಬೇಕಿತ್ತು?

ಮಗಳು ಹುಟ್ಟುವವರೆಗೆ ಇದು ನನಗೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಅವಳಿಗೆ ಹುಟ್ಟುವಾಗಲೇ ಕಿವಿ ಕೇಳುತ್ತಿರಲಿಲ್ಲ. ಪಕ್ಕದಲ್ಲೇ ಪಾತ್ರೆ ಬಿದ್ದರೂ ಬೆಚ್ಚದೆ ಮಲಗುತ್ತಿದ್ದ ಕೂಸನ್ನು ಕಂಡು ಅತ್ತೆ, "ಎಂಥ ಧೈರ್ಯ ನೋಡು ಇದಕ್ಕೆ" ಎಂದು ಕೊಂಡಾಡುತ್ತಿದ್ದರು. ಅದು ಧೈರ್ಯವಲ್ಲ ಎಂದು ಗೊತ್ತಾಗುವಾಗ ಅವಳು ನಡೆಯಲು ಕಲಿತಾಗಿತ್ತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಕಿವಿಯ ಹಿಂದೆ ಒಂದು ಮೆಷಿನು, ಅದರಿಂದ ಹೊರಟ ಸಣ್ಣ ವಯರು, ವಯರಿನ ತುದಿಯಲ್ಲಿ ತಲೆಗೆ ಅಂಟಿಕೊಂಡು ನಿಲ್ಲುವ ಬಿಲ್ಲೆ. ಇನ್ನು ಪಟಪಟ ಮಾತಾಡ್ತಾಳೆ ಬಿಡಿ ಎಂದು ಊರಿನವರೆಲ್ಲ ಹೇಳಿ ಕೈತೊಳೆದುಕೊಂಡರು.

ಡಾಕ್ಟರು ಹೇಳಿದ್ದು ಬೇರೆ. ಮೆಷಿನು ಶಬ್ದವನ್ನು ಒಳಗೆ ಮುಟ್ಟಿಸುತ್ತದೆ, ಅಷ್ಟೇ. ಅದು ನಾಯಿಯ ಶಬ್ದವೋ ಅವ್ವನ ಶಬ್ದವೋ ಎಂದು ಮಗುವಿನ ತಲೆಗೆ ಒಂದೊಂದಾಗಿ ಕಲಿಸಬೇಕು. ಹಾಗೆ ಕಲಿಯುವುದಕ್ಕೆ ಒಂದು ಪ್ರಾಯ ಇದೆ. ಐದಾರು ವರ್ಷ ದಾಟಿತೋ, ಆಮೇಲೆ ಎಷ್ಟು ಗುದ್ದಾಡಿದರೂ ಮಾತು ಸರಿಯಾಗಿ ಕೂರುವುದಿಲ್ಲ. ನನ್ನ ಮಗಳಿಗೆ ಆಗ ಮೂರು ನಡೆಯುತ್ತಿತ್ತು. ಅಂದಿನಿಂದ ಕ್ಯಾಲೆಂಡರಿನ ಹಾಳೆ ಹರಿಯುವಾಗಲೆಲ್ಲ ಇನ್ನೆಷ್ಟು ತಿಂಗಳು ಉಳಿಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಮಾತು ಕಲಿಸುವ ಮೇಡಂ ಮಂಗಳೂರಿನಲ್ಲಿದ್ದರು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ದಿನವೇ ಕೇಳಿದರು: "ಮನೆಯಲ್ಲಿ ಯಾವ ಭಾಷೆ?"

ನಾನು ಹೇಳಿದೆ. ಮನೆಯೊಳಗೆ ಅರೆಭಾಷೆ. ಕೆಲಸದವರ ಹತ್ತಿರ ತುಳು. ಕೆಳಗಿನ ಮನೆಯವರು ಬ್ಯಾರಿಗಳು, ಅವರ ಭಾಷೆಯೂ ಬರುತ್ತದೆ. ಅಂಗಡಿಯಲ್ಲಿ ಮಲಯಾಳ. ಮೇಡಂ ಪೆನ್ನು ಕೆಳಗಿಟ್ಟರು.

"ಅಷ್ಟೆಲ್ಲ ಬೇಡ. ಶಾಲೆಯಲ್ಲಿ ಎಂತ ಕಲಿತಾಳೆ, ಕನ್ನಡ ಅಲ್ವಾ? ಅವಳ ಕಿವಿಗೆ ಇನ್ನು ಕನ್ನಡ ಒಂದೇ ಬೀಳ್ಬೇಕು. ಎಲ್ಲರೂ ಅದನ್ನೇ ಮಾತಾಡಿ."

ಹೇಳುವುದು ಸುಲಭ. ಜೀವಮಾನವಿಡೀ ಅರೆಭಾಷೆಯಲ್ಲಿ ಬೈದು, ಅರೆಭಾಷೆಯಲ್ಲಿ ಮುದ್ದು ಮಾಡಿದ ನನ್ನ ಅತ್ತೆ, ಅಂದಿನಿಂದ ಮೊಮ್ಮಗಳ ಎದುರು ಬಾಯಿ ತೆರೆಯುವ ಮೊದಲು ಒಮ್ಮೆ ಯೋಚಿಸಬೇಕಾಯಿತು. "ನನ್ನ ಪುಳ್ಳಿ ಹತ್ರ ನಾನೇ ನೆಂಟರ ಹಾಗೆ ಮಾತಾಡುದು. ಎಂತ ಕರ್ಮ ಇದು!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೂ ಮಾತಾಡಿದರು. ಮನೆಯ ಭಾಷೆಯನ್ನೇ ಬಿಟ್ಟುಕೊಟ್ಟೆವು ನಾವು. ಅದಕ್ಕಿಂತ ಹೆಚ್ಚು ಏನು ಕೊಡಲು ಸಾಧ್ಯ, ಹೇಳಿ.

ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗಿ ಬರುವುದು ಆಗುವ ಹೋಗುವ ಮಾತಲ್ಲ. ಬೆಳಕು ಹರಿಯುವ ಮೊದಲು ಹೊರಟು ಸುಳ್ಯಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ, ಪುತ್ತೂರು ಬರುವಷ್ಟರಲ್ಲಿ ಮಗು ಎರಡು ಸಲ ಕಾರಿಕೊಂಡಿರುತ್ತಿತ್ತು. ಸುಳ್ಯ ಮುಟ್ಟುವಾಗಲೇ ನನ್ನ ಫೋನಿಗೆ ಜೀವ ಬಂದು, ಎರಡು ದಿನದ ಮೆಸೇಜುಗಳೆಲ್ಲ ಒಟ್ಟಿಗೆ ಟಿಣ್ ಟಿಣ್ ಎಂದು ಬಂದು ಬೀಳುತ್ತಿದ್ದವು. ಮೇಡಮರ ಎದುರು ಕೂರುವಾಗ ಮಗು ಬಾಡಿ ಹೋಗಿರುತ್ತಿತ್ತು, ಕಲಿಯುವುದೆಲ್ಲಿಂದ? ಅದನ್ನು ನೋಡಿ ಮೇಡಮ್ಮೇ ಹೇಳಿದರು: "ವೀಡಿಯೋ ಕಾಲಿನಲ್ಲಿ ಮಾಡುವ. ತುಂಬ ಮಕ್ಕಳಿಗೆ ಹಾಗೆಯೇ ಮಾಡುದು. ನಿಮ್ಮಲ್ಲಿ ನೆಟ್ ಚೆನ್ನಾಗಿ ಉಂಟಲ್ವಾ?"

ಉಂಟು ಎಂದೆ. ಪಂಚಾಯತಿನ ಬಾಗಿಲಲ್ಲಿ ಡಿಜಿಟಲ್ ಗ್ರಾಮ ಎಂದು ಬೋರ್ಡು ಹಾಕಿದ್ದರಲ್ಲ, ಆ ಧೈರ್ಯದಲ್ಲಿ.

ನಮ್ಮ ಇಡೀ ಮನೆಯಲ್ಲಿ ರೇಂಜು ಸಿಗುವುದು ಜಗಲಿಯ ಒಂದು ಕಂಬದ ಹತ್ತಿರ. ಅದೂ ಎದೆಯ ಎತ್ತರಕ್ಕೆ ಇಲ್ಲ, ತಲೆಯ ಎತ್ತರಕ್ಕೆ ಉಂಟು. ನನ್ನವರು ಹಳೆಯ ಪಂಚೆಯ ಅಂಚು ಹರಿದು ಫೋನನ್ನು ಆ ಕಂಬಕ್ಕೆ ಕಟ್ಟಿದರು. ಮಗುವನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಬೀಳದ ಹಾಗೆ ನಾನು ಸೊಂಟ ಹಿಡಿದು ನಿಲ್ಲುತ್ತಿದ್ದೆ. ಮೇಡಂ ಪಾಠ ಶುರು ಮಾಡುವುದು ಆರು ಶಬ್ದಗಳಿಂದ. ಆ, ಈ, ಊ, ಮ್, ಶ್, ಸ್. ಅವರು ಬಾಯಿಗೆ ಕಾಗದ ಅಡ್ಡ ಹಿಡಿದು ಶಬ್ದ ಮಾಡಬೇಕು, ಮಗು ಕೇಳಿಸಿದ ಕೂಡಲೇ ಡಬ್ಬಿಗೆ ಒಂದು ಗೋಲಿ ಹಾಕಬೇಕು. ನಮ್ಮ ನೆಟ್ಟು ಆ, ಈ, ಊಗಳನ್ನು ಹೇಗೋ ತಂದು ಮುಟ್ಟಿಸುತ್ತಿತ್ತು. ಶ್ ಮತ್ತು ಸ್ ದಾರಿಯಲ್ಲೇ ಎಲ್ಲೋ ಬಿದ್ದು ಹೋಗುತ್ತಿದ್ದವು. ಮಗು ಗೋಲಿ ಹಿಡಿದು ಕಾಯುತ್ತಾ ಕೂರುವುದು, ಮೇಡಂ ಆಗಲೇ ಹೇಳಿಯಾಗಿರುವುದು.

ಮತ್ತೆ ಆ ಮುಖ. ಮಾತಿನ ನಡುವೆ ಮೇಡಮರ ಮುಖ ಪರದೆಯಲ್ಲಿ ಹಾಗೆಯೇ ನಿಂತುಬಿಡುತ್ತಿತ್ತು. ಬಾಯಿ ತೆರೆದದ್ದು ತೆರೆದಂತೆ, ಒಂದು ಕಣ್ಣು ಅರ್ಧ ಮುಚ್ಚಿದಂತೆ, ಕೈ ಮೇಲೆತ್ತಿದ್ದು ಮೇಲೆಯೇ. ಸ್ವಲ್ಪ ಹೊತ್ತಿನ ಮೇಲೆ ಜೀವ ಬಂದು, ನಡುವಿನದ್ದನ್ನೆಲ್ಲ ನುಂಗಿ, ಕೊನೆಯ ಎರಡಕ್ಷರ ಕೇಳಿಸುತ್ತಿತ್ತು. "ಬಾಳೆ" ಎಂದು ನಿಂತದ್ದು "ತಿಂತದೆ" ಎಂದು ಎದ್ದು ಬರುತ್ತಿತ್ತು. ಯಾರು ತಿಂದರು, ಏನು ತಿಂದರು, ದೇವರಿಗೇ ಗೊತ್ತು. ಉಳಿದ ಸಮಯವೆಲ್ಲ ಮೇಡಂ "ಕೇಳ್ತದಾ? ಈಗ ಕೇಳ್ತದಾ?" ಎನ್ನುವುದರಲ್ಲಿ ಮುಗಿಯುತ್ತಿತ್ತು. ಬೇರೆ ಮಕ್ಕಳಾದರೆ ಸ್ಟೂಲಿನಿಂದ ಹಾರಿ ಓಡುತ್ತಿದ್ದವು. ಇವಳು ಮಿಸುಕದೆ ಆ ನಿಂತ ಮುಖವನ್ನು ನೋಡುತ್ತಾ ಕೂರುತ್ತಿದ್ದಳು. ಎಷ್ಟು ತಾಳ್ಮೆ ಈ ಮಗುವಿಗೆ ಎಂದು ನಾನು ಹೆಮ್ಮೆಪಟ್ಟೆ.

ಗುಡ್ಡೆಯ ಮೇಲಿನ ಪಾದೆಕಲ್ಲಿಗೂ ಹೋಗಿ ನೋಡಿದೆವು. ಊರಿನ ರೇಂಜಿನ ಕಲ್ಲು ಅದು. ಕೆಳಗಿನ ಮನೆಯ ಬ್ಯಾರಿಗಳ ಸೊಸೆ ದಿನಾ ಸಂಜೆ ಅಲ್ಲಿಗೆ ಹತ್ತಿ ಬಂದು ದುಬೈಯಲ್ಲಿರುವ ಗಂಡನ ಹತ್ತಿರ ಮಾತಾಡುತ್ತಿದ್ದಳು. ನಮ್ಮನ್ನು ಕಂಡ ಕೂಡಲೇ ಫೋನಿಟ್ಟು, "ನೀವು ಕೂತುಕೊಳ್ಳಿ ಅಕ್ಕ, ನಮ್ಮದು ಎಂತ, ಅದೇ ಊಟ ಆಯ್ತಾ ತಿಂಡಿ ಆಯ್ತಾ" ಎಂದು ಜಾಗ ಬಿಟ್ಟುಕೊಟ್ಟಳು. ಚಿತ್ರ ಏನೋ ಚೆನ್ನಾಗಿ ಬಂತು. ಆದರೆ ಅಲ್ಲಿ ಗಾಳಿ. ಗಾಳಿ ಮೆಷಿನಿಗೆ ಹೊಡೆದರೆ ಮಗುವಿಗೆ ಒಳಗೆ ಬುಸ್ಸೆನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ಅವಳು ಮೆಷಿನನ್ನೇ ಕಿತ್ತು ನನ್ನ ಕೈಗೆ ಕೊಟ್ಟಳು.

ತವರಿಗೂ ಹೋದೆ. ನನ್ನ ತವರು ರಾಮಕುಂಜದ ಹತ್ತಿರ. ಅಣ್ಣನ ಮನೆಗೆ ಆಗಲೇ ಫೈಬರ್ ಬಂದಿತ್ತು. ಒಂದು ತಿಂಗಳು ಇದ್ದು ಪಾಠ ಮುಗಿಸಿ ಬರುವ ಎಂದು ಬಟ್ಟೆ ಕಟ್ಟಿಕೊಂಡು ಹೋದರೆ, ಅದು ಸಂಜೆ ಸಂಜೆ ಸಿಡಿಲು ಬರುವ ಕಾಲ. ನಮ್ಮ ಕಡೆಯ ಅಭ್ಯಾಸ ಗೊತ್ತಲ್ಲ, ದೂರದಲ್ಲೆಲ್ಲೋ ಗುಡುಗು ಗುಡುಗಿದರೆ ಸಾಕು, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುವುದು. ಮೇಡಂ ಸಿಗುವುದು ಸಂಜೆ, ಗುಡುಗುವುದು ಸಂಜೆ, ಅಣ್ಣ ಪ್ಲಗ್ಗು ಕೀಳುವುದು ಸಂಜೆ. "ಮೊನ್ನೆಯೇ ಆಚೆಮನೆಯವರ ಡಬ್ಬಿ ಸುಟ್ಟು ಹೋಯ್ತು ಮಾರಾಯ್ತಿ, ನಿನ್ನ ಪಾಠ ನಾಳೆ ಆಗ್ತದೆ" ಎನ್ನುವನು. ನಾಳೆಯೂ ಗುಡುಗು. ಅಷ್ಟರಲ್ಲಿ ಮಂಡೆಕೋಲಿನಿಂದ ಅತ್ತೆಯ ಫೋನು: "ನೀನು ಜಗಳ ಮಾಡಿ ಹೋದದ್ದಂತೆ, ಹೌದಾ? ಸೊಸೈಟಿಯಲ್ಲಿ ಎಲ್ಲ ಹೇಳ್ತಾರೆ." ನೆಟ್ಟಿಗಾಗಿ ತವರಿಗೆ ಹೋದವಳು ಎಂದರೆ ಯಾರು ನಂಬುತ್ತಾರೆ? ವಾಪಸು ಬಂದೆ.

ಬಂದ ಮೇಲೆ ಸುಳ್ಯದ ಕೇಬಲಿನವನನ್ನು ಹಿಡಿದು ತಂದೆವು. ಆತ ಮೊದಲು ಹೇಳಿದ ಮಾತು ಕೇಳಿ ನನಗೆ ಅವನ ಕಾಲು ಹಿಡಿಯಬೇಕೆನ್ನಿಸಿತು.

"ಅಕ್ಕ, ನಿಮಗೆ ಹೊಸ ಲೈನೇ ಬೇಡ. ಪಂಚಾಯತಿನಿಂದ ಶಾಲೆಗೆ ಸರಕಾರದ ವಯರು ಎಳೆದಿದ್ದಾರೆ, ನಿಮ್ಮ ಗೇಟಿನ ಎದುರಲ್ಲೇ ಹೋಗಿದೆ. ಕನೆಕ್ಷನ್ ಕೊಟ್ಟೇ ಇಲ್ಲ ಅದಕ್ಕೆ, ಸುಮ್ಮನೆ ಉಂಟು. ಈಗ ಅದರಲ್ಲಿ ಮನೆಗಳಿಗೆ ಕೊಡ್ಲಿಕ್ಕೆ ನಮಗೆ ಪರ್ಮಿಶನ್ ಸಿಕ್ಕಿದೆ. ಒಮ್ಮೆ ನೋಡಿ ಬರುವ."

ಹೌದಲ್ಲ! ಕಪ್ಪು ವಯರು ಎಳೆದದ್ದು, ಪಂಚಾಯತಿನಲ್ಲಿ ರಿಬ್ಬನ್ ಕತ್ತರಿಸಿದ್ದು, ಚಾ ತಿಂಡಿ ಕೊಟ್ಟದ್ದು ಎಲ್ಲ ನನಗೆ ನೆನಪಿತ್ತು. ನಾನೂ ಅವನ ಜೊತೆ ಪಂಚಾಯತಿನಿಂದ ನಡೆಯುತ್ತಾ ಹೊರಟೆ. ಮೊದಲ ತಿರುವಿನವರೆಗೆ ವಯರು ಕಂಬದಲ್ಲಿತ್ತು. ಆಮೇಲೆ ಇರಲಿಲ್ಲ. ಮುಂದಿನ ಮನೆಯ ಗೇಟಿಗೆ ಬೀಗದ ಬದಲು ಕಪ್ಪು ವಯರು ಸುತ್ತಿತ್ತು. ಅದರಾಚೆಯ ಮನೆಯಲ್ಲಿ ಎರಡು ಮರಗಳ ನಡುವೆ ವಯರು ಕಟ್ಟಿ, ನಾಯಿಯ ಸಂಕೋಲೆಯನ್ನು ಅದಕ್ಕೆ ಪೋಣಿಸಿದ್ದರು, ನಾಯಿ ಆಚೆಯಿಂದ ಈಚೆಗೆ ಓಡಾಡಿಕೊಂಡು ನಮ್ಮನ್ನು ಕಂಡು ಬೊಗಳಿತು. ಭಜನಾ ಮಂದಿರದ ಶೀಟಿಗೆ ಹೊದೆಸಿದ ಟಾರ್ಪಾಲು ಅದರಲ್ಲೇ ಬಿಗಿದಿತ್ತು. ಕೆಳಗಿನ ಮನೆಯವರ ಬಸಳೆ ಚಪ್ಪರ ಅದರದ್ದೇ. ಕೇಬಲಿನವನ ಮುಖ ಒಂದೊಂದು ಮನೆ ದಾಟಿದಂತೆ ಸಣ್ಣದಾಗುತ್ತಾ ಬಂತು. "ಎಂತ ಸಾವು ಮಾರಾಯ್ರೆ ಇದು" ಎಂದು ತಲೆಗೆ ಕೈಹಚ್ಚಿದ.

ಕೊನೆಯ ತುಂಡು ನಮ್ಮ ಅಂಗಳದಲ್ಲಿತ್ತು. ತೆಂಗಿನ ಮರದಿಂದ ಬಚ್ಚಲಿನ ಮೂಲೆಗೆ, ಹಗ್ಗದ ಹಾಗೆ ಬಿಗಿಯಾಗಿ. ಅದರ ಮೇಲೆ ನನ್ನ ಮಗಳ ಫ್ರಾಕುಗಳು ಒಣಗುತ್ತಿದ್ದವು.

ದಿನಾ ಅದರಿಂದ ಬಟ್ಟೆ ತೆಗೆದು ಮಡಚುವವಳು ನಾನು. ಅದು ಏನೆಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಅಂಗಳದಲ್ಲೇ ನಿಂತು ಬೊಬ್ಬೆ ಹೊಡೆದೆ. ಅತ್ತೆ ಒಳಗಿನಿಂದ ಬಂದರು. ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ರಸ್ತೆಗೆ ಕಾಂಕ್ರೀಟು ಹಾಕುವಾಗ ಜೇಸಿಬಿ ತಾಗಿ ತುಂಡಾಗಿ ಬಿದ್ದದ್ದಲ್ವಾ? ಎಷ್ಟು ಸಮಯ ದಾರಿಯಲ್ಲಿ ಬಿದ್ದುಕೊಂಡಿತ್ತು, ಒಬ್ಬ ನಾಯಿ ಬಂದು ಕೇಳಿದನಾ? ಬೈಕಿನವರ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎಲ್ಲ ಸುತ್ತಿ ಕೊಂಡುಹೋದರು, ನಾನೂ ಒಂದು ತುಂಡು ತಂದೆ. ಕಬ್ಬಿಣದ ಸರಿಗೆ ಹಾಕಿದರೆ ಮಳೆಗಾಲದಲ್ಲಿ ಬಟ್ಟೆಗೆ ತುಕ್ಕಿನ ಕಲೆ. ಇದಕ್ಕೆ ತುಕ್ಕು ಹಿಡಿಯುದಿಲ್ಲ, ಹಗ್ಗದ ಹಾಗೆ ಲಡ್ಡಾಗಿ ತುಂಡಾಗುದಿಲ್ಲ. ಎಂತ ತಪ್ಪು ಮಾಡಿದೆ ನಾನು?"

ಏನೂ ಇಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಅದರೊಳಗೆ ಬರಬೇಕಾದ್ದು ಯಾವತ್ತೂ ಬರಲಿಲ್ಲ. ಊರವರು ಅದಕ್ಕೊಂದು ಉಪಯೋಗ ಕಂಡುಕೊಂಡರು. ಆರು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ತುಕ್ಕು ಹಿಡಿಯದ ಹಗ್ಗ ಪುಕ್ಕಟೆ ಸಿಕ್ಕಿದರೆ ಯಾರು ಬಿಡುತ್ತಾರೆ? "ತುಂಡು ತುಂಡು ಜೋಡಿಸಿದರೆ ಆಗುದಿಲ್ವಾ?" ಎಂದು ಕೇಳಿದೆ. ಕೇಬಲಿನವನು ತಲೆಯಾಡಿಸಿದ. ಅಷ್ಟು ಕಡೆ ಜಾಯಿಂಟು ಹಾಕಿದರೆ ಪ್ರಯೋಜನ ಇಲ್ಲವಂತೆ. ಹೊಸ ಲೈನೇ ಆಗಬೇಕು, ಕಂಪೆನಿ ಒಪ್ಪಬೇಕು, ಈ ತಗ್ಗಿಗೆ ಒಂದು ಮನೆಗಾಗಿ ಕಂಪೆನಿ ಒಪ್ಪುವುದಿಲ್ಲ. ಅಷ್ಟು ಹೇಳಿ ನೀರು ಕುಡಿದು ಹೋದ.

ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದೆ. ಹೆಂಗಸರು ಅಲ್ಲಿ ಏಳುವುದು ನೀರಿನ ವಿಷಯಕ್ಕೆ, ನಾನು ನೆಟ್ಟಿಗೆ ಎದ್ದದ್ದು ಕಂಡು ಹಿಂದಿನ ಸಾಲಿನವರು ನಕ್ಕರು. "ಸೀರಿಯಲ್ ನೋಡ್ಲಿಕ್ಕೆ ಆಗಿರ್ಬೇಕು" ಎಂದು ಒಬ್ಬ ಹೇಳಿದ್ದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ನನ್ನ ಮಗಳಿಗೆ ಮಾತು ಬರಬೇಕಾದರೆ ಇದು ಬೇಕು, ಅದಕ್ಕೆ ಉಳಿದಿರುವುದು ಸ್ವಲ್ಪವೇ ಸಮಯ ಎಂದು ಬಿಡಿಸಿ ಹೇಳಿದೆ. ಮೇಲೆ ಕೂತ ಅಧಿಕಾರಿ ಸಮಾಧಾನದಲ್ಲೇ ಕೇಳಿದರು. ಕೇಳಿ ಹೇಳಿದರು: "ಇಲ್ಲಿ ಹೇಳಿದರೆ ಆಗುದಿಲ್ಲಮ್ಮ. ನೀವು ಮನೆಯಿಂದಲೇ ಆನ್‌ಲೈನಿನಲ್ಲಿ ಕಂಪ್ಲೇಂಟ್ ಹಾಕಿ." ಈ ಸಲ ಯಾರೂ ನಗಲಿಲ್ಲ. ಯಾರಿಗೂ ಅದರಲ್ಲಿ ತಮಾಷೆ ಕಂಡಿರಲಿಲ್ಲ.

ಹೀಗೆ ಒಂದು ಮಳೆಗಾಲ ಹೋಯಿತು, ಬೇಸಗೆ ಹೋಯಿತು, ಇನ್ನೊಂದು ಮಳೆಗಾಲ ಬಂತು. ಮಳೆಗೆ ಕರೆಂಟು ಹೋಗುವುದು, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರು ಸಾಯುವುದು, ಮೇಡಮರ ಮುಖ ಕಂಬದಲ್ಲಿ ಬಾಯಿ ತೆರೆದು ನಿಲ್ಲುವುದು. ಬಿಡದೆ ಪಾಠ ಮಾಡಿಸಿದೆ. ಬಿಡುವುದು ಹೇಗೆ? ಮಗುವಿಗೆ ಒಂದೊಂದು ಮಾತು ಬರತೊಡಗಿತ್ತು. ಅವ್ವ ಎನ್ನುತ್ತಿದ್ದಳು, ಅಜ್ಜಿ ಎನ್ನುತ್ತಿದ್ದಳು. ಎರಡು ಮಾತು ಜೋಡಿಸುವಾಗ ನಡುವೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮಾತು ಹುಡುಕುತ್ತಿದ್ದಾಳೆ, ನಾಚುತ್ತಿದ್ದಾಳೆ ಎಂದುಕೊಂಡೆವು.

ಅವಳಿಗೊಂದು ಆಟ ಇತ್ತು. ಬೆಕ್ಕನ್ನೂ ಗೊಂಬೆಯನ್ನೂ ಮೆಟ್ಟಿಲ ಮೇಲೆ ಕೂರಿಸಿ ತಾನು ಮೇಡಂ ಆಗುವುದು. ಕೈ ಎತ್ತಿ, ಬಾಯಿ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ ಹಾಗೆಯೇ ನಿಂತುಬಿಡುತ್ತಿದ್ದಳು. ಬೆಕ್ಕು ಎದ್ದು ಹೋದರೂ ಮಿಸುಕುತ್ತಿರಲಿಲ್ಲ. "ಮೇಡಮೇ ಬಂದ ಹಾಗೆ!" ಎಂದು ಅತ್ತೆ ಹೊಟ್ಟೆ ಹಿಡಿದು ನಗುತ್ತಿದ್ದರು. ಕೆಳಗಿನ ಮನೆಯ ಸೊಸೆ ಅದನ್ನು ಫೋನಿನಲ್ಲಿ ಹಿಡಿದು ದುಬೈಗೂ ಕಳಿಸಿದಳು. ನಾವು ಎಲ್ಲರೂ ನಕ್ಕೆವು.

ಕೊನೆಗೆ ದಾರಿ ಮಾಡಿದ್ದು ಕೆಳಗಿನ ಮನೆಯ ಆ ಸೊಸೆಯೇ. "ಎರಡು ಮನೆ ಆದರೆ ಕಂಪೆನಿ ಒಪ್ತದಂತೆ ಅಕ್ಕ. ನಾವೂ ಹಾಕಿಸ್ತೇವೆ. ವಯರು ನಮ್ಮ ರಬ್ಬರಿನ ನಡುವೆಯೇ ಎಳೀಲಿ" ಎಂದು ಗಂಡನನ್ನು ಒಪ್ಪಿಸಿ ಬಂದಳು. ಸರಕಾರ ಮಾಡದ್ದನ್ನು ಬಸಳೆ ಚಪ್ಪರದ ಹೆಂಗಸು ಮಾಡಿದಳು. ಮಳೆ ಬಿಟ್ಟ ಮೇಲೆ ಕೇಬಲಿನವನು ಬಂದು ಹೊಸ ವಯರು ಎಳೆದ. ಗೋಡೆಗೆ ಬಿಳಿ ಡಬ್ಬಿ ಬಂತು. ಅತ್ತೆ ಅದಕ್ಕೊಂದು ಕುಂಕುಮ ಇಟ್ಟರು. ಮಗಳಿಗೆ ಆಗ ಐದು ತುಂಬಿ ಆಗಿತ್ತು.

ಹೊಸ ನೆಟ್ಟಿನ ಮೊದಲ ಪಾಠ. ಸ್ಟೂಲು ಬೇಡ, ಕಂಬ ಬೇಡ, ಚಾವಡಿಯಲ್ಲಿ ಚಾಪೆ ಹಾಕಿ ಆರಾಮವಾಗಿ ಕೂತೆವು. ಮೇಡಮರ ಮುಖ ಎದುರಿಗೇ ಬಂದು ಕೂತ ಹಾಗೆ ಕಂಡಿತು. ಅವರ ಮೂಗುತಿ ಹೊಳೆಯುವುದನ್ನು ನಾನು ಅಂದೇ ನೋಡಿದ್ದು. ಶ್ ಬಂತು, ಸ್ ಬಂತು, ಮಗು ಡಬ್ಬಿಗೆ ಟಣ್ ಟಣ್ ಎಂದು ಗೋಲಿ ಹಾಕಿತು. ನನಗೆ ಅಳು ಉಕ್ಕಿ ಬಂತು. ಅಬ್ಬ, ಇನ್ನು ಗೆದ್ದೆವು ಎಂದುಕೊಂಡೆ.

"ಈಗ ನಾನು ಹೇಳಿದ್ದನ್ನು ಹೇಳು ಪುಟ್ಟ" ಎಂದರು ಮೇಡಂ. "ಅಜ್ಜಿ ದೋಸೆ ಮಾಡಿದರು."

"ಅಜ್ಜಿ ದೋ" ಎಂದಳು ಮಗಳು. ನಿಂತಳು. ಬಾಯಿ ತೆರೆದದ್ದು ತೆರೆದಂತೆ, ಕೈ ಮೇಲೆಯೇ, ಒಂದು ಕಣ್ಣು ಅರ್ಧ ಮುಚ್ಚಿ. ಉಸಿರು ಸಹ ಎಳೆಯಲಿಲ್ಲ.

"ಅಯ್ಯೋ, ನಿಮ್ಮ ಕಡೆ ಸ್ಟಕ್ ಆಯ್ತಲ್ಲ" ಎಂದರು ಮೇಡಂ. "ಹೊಸ ಲೈನು ಅಂದ್ರಲ್ಲ? ಒಮ್ಮೆ ಆಫ್ ಮಾಡಿ ಆನ್ ಮಾಡಿ."

ನಾನು ಡಬ್ಬಿಯ ಕಡೆ ನೋಡಿದೆ. ಹಸಿರು ದೀಪ ಮಿಣಮಿಣ ಉರಿಯುತ್ತಿತ್ತು. ಪರದೆಯ ಮೂಲೆಯಲ್ಲಿ ನಮ್ಮದೇ ಸಣ್ಣ ಚಿತ್ರ ಇತ್ತು, ಅದರಲ್ಲಿ ಮಗಳ ಹಿಂದಿನ ಬಾಗಿಲಲ್ಲಿ ಕೋಳಿಯೊಂದು ಅಂಗಳ ದಾಟಿ ಹೋಗುತ್ತಿತ್ತು. ಅದನ್ನು ಮೇಡಮ್ಮೂ ನೋಡಿದರು. ಅವರ ಮುಖದ ನಗು ಇಳಿಯಿತು.

"ಡಿದರು" ಎಂದಳು ಮಗಳು ಸ್ವಲ್ಪ ಹೊತ್ತಿನ ಮೇಲೆ, ನಡುವಿನದ್ದನ್ನು ನುಂಗಿ.

"ನೆಟ್ ಸರಿ ಉಂಟು ಮೇಡಂ" ಎಂದೆ.

ಮೇಡಮ್ಮೂ ನಾನೂ ಸುಮ್ಮನೆ ಕೂತದ್ದನ್ನು ಕಂಡು ಮಗಳು ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಪರದೆಯ ಹತ್ತಿರಕ್ಕೆ ಬಗ್ಗಿ, ನಡುವೆ ಎಲ್ಲೂ ನಿಲ್ಲದೆ, ಒಂದಕ್ಷರವೂ ತಪ್ಪದೆ ಕೇಳಿದಳು: "ಕೇಳ್ತದಾ? ಈಗ ಕೇಳ್ತದಾ?"